ಕೊಳ್ಳುವವನ ಕುರ್ಚಿ

ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಮಾವನಿಗೆ ಒಳಗೊಳಗೇ ಖುಷಿ. ಹೆಗಲಿನ ಬಟ್ಟೆಚೀಲದಿಂದ ಮಡಚುವ ಕುರ್ಚಿಯನ್ನು ಹೊರಗೆಳೆದು, ಒಮ್ಮೆ ಕೊಡವಿ ಟಕ್ಕೆಂದು ಬಿಚ್ಚಿ, ನಡುದಾರಿಯಲ್ಲಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕುಳಿತುಬಿಡುತ್ತಿದ್ದರು. ಕಂಬಿ ಹಿಡಿದು ಜೋತುಬಿದ್ದವರೆಲ್ಲ ಹೊಟ್ಟೆಕಿಚ್ಚಿನಿಂದ ನೋಡುವರು. ಕಂಡಕ್ಟರ್ ಗುರ್ರೆನ್ನುವನು.

"ಏನ್ ಯಜಮಾನ್ರೇ, ಇದು ಬಸ್ಸೋ ನಿಮ್ಮನೆ ಹಜಾರವೋ? ಲಗೇಜು ಮೇಲಿಡಿ."

"ಮೇಲಿಟ್ರೆ ನಾನೂ ಮೇಲೇ ಹತ್ತಿ ಕೂರ್ಬೇಕಾಗುತ್ತಲ್ಲಪ್ಪಾ."

"ಹಾಗಾದ್ರೆ ಇದಕ್ಕೊಂದು ಟಿಕೆಟ್ ತಗೊಳ್ಳಿ."

"ಕುರ್ಚಿಗೆ ಟಿಕೆಟ್ ಕೊಟ್ಟ ಮೇಲೆ ಕುರ್ಚಿಗೊಂದು ಸೀಟೂ ಕೊಡ್ಬೇಕು. ಕೊಡ್ತೀಯಾ?"

ಇಳಿಯುವ ಹೊತ್ತಿಗೆ ಕಂಡಕ್ಟರನ ತಂಗಿಗೆ ಎಲ್ಲಿ ಕೆಲಸ ಸಿಕ್ಕಿತೆಂಬುದು ಮಾವನಿಗೂ, ಕುರ್ಚಿ ಎಷ್ಟು ಭಾರ ತಡೆಯುತ್ತದೆಂಬುದು ಕಂಡಕ್ಟರನಿಗೂ ತಿಳಿದಿರುತ್ತಿತ್ತು. ಆದರೆ ಕಂಡಕ್ಟರ್ ಕುರ್ಚಿ ಕೊಳ್ಳುತ್ತಿರಲಿಲ್ಲ. ಮಾವನ ಬದುಕಿನ ಕಷ್ಟವೆಲ್ಲ ಇದೊಂದೇ.

ಅವರು ಯಾರಿಗೂ ಸೋದರಮಾವನಲ್ಲ. ಮಡಚುವ ಕುರ್ಚಿ ತಯಾರಿಸುವ ಕಂಪನಿಗೆ ಮಾರಾಟಗಾರನಾಗಿ ಸೇರಿದಾಗ ಅಂಗಡಿಯವರೆಲ್ಲ ಅವರನ್ನು 'ತಮ್ಮಾ' ಎನ್ನುತ್ತಿದ್ದರು. ಮೀಸೆ ಬಲಿತ ಮೇಲೆ 'ಅಣ್ಣಾ' ಆದರು. ನಡುನೆತ್ತಿ ಬಯಲಾದ ಮೇಲೆ 'ಮಾವ'. ಈಚೆಗೆ ಒಬ್ಬಿಬ್ಬರು ಮೆಲ್ಲಗೆ 'ತಾತಾ' ಎಂದು ಕರೆದು ನೋಡಿದ್ದುಂಟು. ಮಾವ ಕಿವಿ ಕೇಳದವರಂತೆ ನಟಿಸಿ ಮಾವನಾಗಿಯೇ ಉಳಿದಿದ್ದರು.

ಕಂಪನಿಗೆ ಹೊಸ ಮ್ಯಾನೇಜರ್ ಬಂದ. ವಯಸ್ಸಿನಲ್ಲಿ ಮಾವನ ಮಗಳಿಗಿಂತ ಚಿಕ್ಕವನು. ಮುಖದಲ್ಲಿ ಮಾತ್ರ ಮಾವನ ತಂದೆಯ ಗಾಂಭೀರ್ಯ. ಒಂದು ದಿನ ಮಾವನನ್ನು ಕೋಣೆಗೆ ಕರೆಸಿದ.

"ಮಾವ, ನೀವು ಹೋದ ಕಡೆಯಿಂದೆಲ್ಲ ಏನು ತರ್ತೀರಿ ಹೇಳಿ."

"ಸುದ್ದಿ ತರ್ತೀನಿ ಸಾರ್. ಮಾರ್ಕೆಟ್ ಸುದ್ದಿ."

"ಹೋದ ಸಲ ತಂದ ಸುದ್ದಿ, ಪಾತ್ರೆ ಅಂಗಡಿಯವರ ಅತ್ತೆಗೆ ಕಣ್ಣಿನ ಆಪರೇಷನ್ ಆಯ್ತು ಅಂತ."

"ಚೆನ್ನಾಗಿ ಆಯ್ತು ಸಾರ್. ಈಗ ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸ್ತಾರೆ."

"ಆರ್ಡರ್, ಮಾವ! ನಾನು ಕೇಳ್ತಿರೋದು ಆರ್ಡರ್!"

ಮಾವ ನೆಲ ನೋಡಿದರು. ಮ್ಯಾನೇಜರ್ ಸ್ವಲ್ಪ ತಣ್ಣಗಾಗಿ ವಿಷಯಕ್ಕೆ ಬಂದ. ಪಕ್ಕದ ಊರಿನಲ್ಲಿ ಹೊಸದಾಗಿ ದೊಡ್ಡ ಸಭಾಂಗಣವೊಂದು ಎದ್ದಿದೆ. ಅದರ ಒಡತಿಗೆ ಎಂಟುನೂರು ಕುರ್ಚಿ ಬೇಕಾಗಿವೆ. ಇನ್ನೊಂದು ಕಂಪನಿಯವರು ಆಗಲೇ ಹೋಗಿ ಮಾದರಿ ಕುರ್ಚಿ ಇಟ್ಟು ಬಂದಿದ್ದಾರೆ.

"ಈ ಆರ್ಡರ್ ಬಂದ್ರೆ ನಿವೃತ್ತಿ ಆಗೋವರೆಗೂ ನೀವು ಹೀಗೇ ಊರೂರು ಸುತ್ಕೊಂಡಿರಿ, ಯಾರೂ ತುಟಿ ಬಿಚ್ಚಲ್ಲ. ಬರಲಿಲ್ಲ ಅಂದ್ರೆ ಗೋಡೌನು."

ಗೋಡೌನು ಎಂದರೇನೆಂದು ಮಾವ ಬಲ್ಲರು. ಕಾರ್ಖಾನೆಯ ಹಿಂಭಾಗದಲ್ಲಿ ತಗಡಿನ ಚಾವಣಿಯ ಉದ್ದನೆಯ ಕೋಣೆ ಅದು. ಕುರ್ಚಿಗಳು ಮಡಚಿಕೊಂಡು ಚಾವಣಿ ಮುಟ್ಟುವಂತೆ ನಿಂತಿರುತ್ತವೆ, ಕುಳಿತುಕೊಳ್ಳಲು ಇರುವುದು ಮಾತ್ರ ಒಂದು ಮುರುಕು ಸ್ಟೂಲು. ಅಲ್ಲಿನ ಗುಮಾಸ್ತ ಬೆಳಗಿನಿಂದ ಸಂಜೆಯವರೆಗೆ 'ಬಂತು', 'ಹೋಯ್ತು' ಎಂಬ ಎರಡೇ ಮಾತಿನಲ್ಲಿ ಕಾಲ ಹಾಕುವ ಆಸಾಮಿ. ಅಲ್ಲಿ ಕೂರುವುದೆಂದರೆ ಮಾವನ ಪಾಲಿಗೆ ಬಾಯಿಗೆ ಬೀಗ ಜಡಿದಂತೆಯೇ.

ಮನೆಗೆ ಬಂದು ಹೆಂಡತಿಗೆ ಹೇಳಿದರು. ಆಕೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು.

"ಒಳ್ಳೇದೇ ಆಯ್ತಲ್ಲ. ಗೋಡೌನಿಗೆ ಹಾಕಿದ್ರೆ ದಿನಾ ಸಂಜೆ ಮನೇಗೆ ಬರ್ತೀರಿ."

"ಹೂಂ, ಬರ್ತೀನಿ."

"ದಿನಾ?"

"ದಿನಾ."

"ಅಲ್ಲಿ ಮಾತಾಡೋಕೆ ಯಾರೂ ಸಿಗಲ್ಲ. ದಿನದ ಮಾತೆಲ್ಲ ಹೊಟ್ಟೇಲಿ ಇಟ್ಕೊಂಡು ಬರ್ತೀರಿ."

"ಇನ್ನೆಲ್ಲಿಡ್ಲಿ?"

ಆಕೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಕಪಾಟಿನಿಂದ ಇನ್ನೆರಡು ಅಂಗಿ ತೆಗೆದು ಇಸ್ತ್ರಿ ಹಾಕತೊಡಗಿದರು. "ಎಷ್ಟು ದಿನ ಆದ್ರೂ ಆಗ್ಲಿ. ಆ ಆರ್ಡರ್ ತಗೊಂಡೇ ಬನ್ನಿ," ಎಂದರು.

ಇಷ್ಟು ವರ್ಷ ಊರಿಗೆಲ್ಲ ಕುರ್ಚಿ ತೋರಿಸಿದ ಮಾವನ ಮನೆಯಲ್ಲಿ ಕಂಪನಿಯ ಕುರ್ಚಿ ಒಂದೂ ಇರಲಿಲ್ಲ. ಹೊಸದರಲ್ಲಿ ಒಂದನ್ನು ತಂದಿದ್ದರು. ಹೆಂಡತಿ ಅದರ ಮೇಲೆ ಕುಳಿತು, ಸೀಟಿನ ಅಡಿಗೆ ಕೈ ಹಾಕಿ ಮುಂದಕ್ಕೆ ಎಳೆದುಕೊಂಡರು. ಕೀಲಿನ ಸಂದಿಗೆ ಬೆರಳು ಸಿಕ್ಕಿತು. "ಕಚ್ಚೋ ಪ್ರಾಣೀನ ನಾನು ಮನೇಲಿ ಸಾಕಲ್ಲ," ಎಂದು ಅಂದೇ ಹೊರಗಟ್ಟಿದರು. ಕುರ್ಚಿ ಕಚ್ಚುವ ಸಂಗತಿ ಕಂಪನಿಯಲ್ಲಿ ಎಲ್ಲರಿಗೂ ಗೊತ್ತು, ಹೊರಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಕುರ್ಚಿ ಮಾರುವವರ ಕೈಯಲ್ಲೆಲ್ಲ ಒಂದು ಕಪ್ಪುಗಟ್ಟಿದ ಉಗುರು ಇದ್ದೇ ಇರುತ್ತಿತ್ತು. ತಮ್ಮತಮ್ಮಲ್ಲೇ ಅದನ್ನು 'ಕಂಪನಿ ಮುದ್ರೆ' ಎಂದು ಕರೆದು ನಗುತ್ತಿದ್ದರು. ಗಿರಾಕಿಗೆ ತೋರಿಸುವಾಗ ಮಾತ್ರ ಬೆನ್ನಿನ ಕಂಬಿಯನ್ನೇ ಹಿಡಿಯಬೇಕು, ಸೀಟಿನ ಅಡಿಗೆ ಕೈ ಹೋಗಕೂಡದು. ಕೆಲಸಕ್ಕೆ ಸೇರಿದವನಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠವಿದು.

ಮಾವನ ಜೊತೆಗೆ ಮ್ಯಾನೇಜರ್ ಇನ್ನಿಬ್ಬರನ್ನು ಕಳುಹಿಸಿದ. ಒಬ್ಬನ ಅಡ್ಡಹೆಸರು ಭಾಷಣ. ನಡುವಯಸ್ಸು, ಎರಡು ಮಕ್ಕಳ ತಂದೆ. ಮುಂದಿನ ಮ್ಯಾನೇಜರ್ ತಾನೇ ಎಂದು ನಂಬಿ, ಕನ್ನಡಿಯ ಮುಂದೆ ನಿಂತು ಮ್ಯಾನೇಜರನಂತೆ ಕೆಮ್ಮುವುದನ್ನು ಅಭ್ಯಾಸ ಮಾಡುತ್ತಿದ್ದವನು. ಇನ್ನೊಬ್ಬ ಹೊಸದಾಗಿ ಸೇರಿದವನು. ಸುಡುಬಿಸಿಲಿನಲ್ಲೂ ಟೈ ಬಿಚ್ಚುತ್ತಿರಲಿಲ್ಲವಾದ್ದರಿಂದ ಅವನ ಹೆಸರೇ ಟೈ ಆಗಿಹೋಗಿತ್ತು. ಸೇರಿದ ವಾರದಲ್ಲೇ ಅವನಿಗೆ ಕಂಪನಿ ಮುದ್ರೆ ಬಿದ್ದು, ಎಡಗೈಯ ತೋರುಬೆರಳಿಗೆ ದಪ್ಪನೆಯ ಬ್ಯಾಂಡೇಜು ಏರಿತ್ತು.

ಸಂಜೆಯ ಹೊತ್ತಿಗೆ ಮೂವರೂ ಆ ಊರಿನ ಲಾಡ್ಜು ಸೇರಿದರು. ಕೋಣೆಯಲ್ಲಿದ್ದುದು ಎರಡೇ ಮಂಚ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೇ ಸಿಗುವಂತಿತ್ತು. ಮೂವರೂ ಮುಖ ತೊಳೆದು, ಚಹಾ ತರಿಸಿಕೊಂಡು, ತಮ್ಮ ವೃತ್ತಿಯ ಹಳೆಯ ಪದ್ಧತಿಯಂತೆ 'ಗಿರಾಕಿ ಆಟ'ಕ್ಕೆ ಕುಳಿತರು. ಮಾರನೆಯ ದಿನ ದೊಡ್ಡ ಗಿರಾಕಿಯನ್ನು ಕಾಣುವುದಿದ್ದರೆ ಹಿಂದಿನ ಸಂಜೆ ಒಬ್ಬ ಗಿರಾಕಿಯಾಗಬೇಕು, ಉಳಿದವರು ಅವನಿಗೆ ಮಾರಬೇಕು. ಗಿರಾಕಿ ಏನು ಬೇಕಾದರೂ ಕೇಳಬಹುದು, ಬೆರಳಿನ ಮಾತೊಂದನ್ನು ಬಿಟ್ಟು.

ಗಿರಾಕಿಯಾಗುವುದರಲ್ಲಿ ಮಾವನನ್ನು ಮೀರಿಸಿದವರಿರಲಿಲ್ಲ. ಬೇಡ ಎಂಬುದನ್ನು ಜನ ಎಷ್ಟು ಬಗೆಯಲ್ಲಿ ಹೇಳಬಲ್ಲರೋ ಅಷ್ಟೂ ಅವರಿಗೆ ಬಾಯಿಪಾಠ. ಆರ್ಡರ್ ಕೊಡದ ಜನ ಕೊಟ್ಟದ್ದು ಅದನ್ನೇ ಅಲ್ಲವೇ? ಮಂಚದ ತಲೆದೆಸೆಗೆ ಒರಗಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಹೊಟ್ಟೆಯನ್ನು ಸ್ವಲ್ಪ ಮುಂದೆ ಮಾಡಿದರೆಂದರೆ ಮಾವ ಹೋಗಿ ಗಿರಾಕಿ ಬಂದ ಎಂದೇ ಅರ್ಥ.

ಮೊದಲು ಟೈ ಎದ್ದ. "ನಮಸ್ಕಾರ ಸಾರ್. ನಾನು—"

"ಯಾರು ಒಳಗೆ ಬಿಟ್ಟಿದ್ದು?" ಎಂದರು ಮಾವ.

"ಸಾರ್, ಬಾಗಿಲು ತೆಗೆದಿತ್ತು..."

"ತೆಗೆದಿದ್ದು ಗಾಳಿಗೆ. ನಿನಗಲ್ಲ."

ಟೈ ಪಿಳಿಪಿಳಿ ಕಣ್ಣು ಬಿಟ್ಟ. "ಮಾವ, ಒಳಗೆ ಬರೋಕಾದ್ರೂ ಬಿಡಿ!"

"ಮಾವ ಯಾರು? ನಾನು ಸಭಾಂಗಣದ ಮಾಲೀಕ. ಮುಂದಿನವನು ಬಾ."

ಭಾಷಣ ಗಂಟಲು ಸರಿಪಡಿಸಿಕೊಂಡು, ಕೈಯೆತ್ತಿ ಆರಂಭಿಸಿದ. "ಸ್ವಾಮೀ, ಮನುಷ್ಯ ಹುಟ್ಟಿದಾಗಿಂದ ಕೂರೋಕೊಂದು ಜಾಗ ಹುಡುಕ್ತಾನೇ ಇದ್ದಾನೆ."

"ಸಿಕ್ತಾ?"

"ಅದನ್ನೇ ತಂದಿದ್ದೀನಿ ಸ್ವಾಮೀ. ನೋಡಿ, ಎಂಥ ಉಕ್ಕು, ಎಂಥ ಬಣ್ಣ..."

"ಬಣ್ಣ ಚೆನ್ನಾಗಿದೆ. ನನ್ನ ಬಾಮೈದನ ಕಾರಿಗೂ ಇದೇ ಬಣ್ಣ ಇತ್ತು. ಆರು ತಿಂಗಳಿಗೆ ಎದ್ದು ಹೋಯ್ತು."

"ಇದು ಏಳಲ್ಲ ಸ್ವಾಮೀ, ಒಲೇಲಿ ಕಾಯಿಸಿದ ಬಣ್ಣ."

"ಏಳಲ್ವಾ? ಹಾಗಾದ್ರೆ ಹಳೇದಾದ ಮೇಲೆ ಬೇರೆ ಬಣ್ಣ ಹೊಡೆಸೋದು ಹೇಗೆ? ಯೋಚನೆ ಮಾಡೋಣ, ಮುಂದಿನ ತಿಂಗಳು ಬನ್ನಿ."

ಹೀಗೆ ಚಹಾ ಆರಿ ಕೆನೆಗಟ್ಟುವವರೆಗೂ ನಡೆಯಿತು. ಭಾಷಣ ಬೆವರು ಒರೆಸಿಕೊಂಡು ಮಂಚದ ಮೇಲೆ ಕುಸಿದ. "ಇವರಿಗೆ ಮಾರೋದಕ್ಕಿಂತ ಆ ಕಿಟಕಿ ಆಚೆ ಗೋಡೆಗೆ ಮಾರ್ಬಹುದು."

ಮಾವ ಕನ್ನಡಕ ಮೇಲೇರಿಸಿ ಹುಳ್ಳಹುಳ್ಳಗೆ ನಕ್ಕರು. ಮತ್ತೆ ಮಾವನಾದರು.

ಟೈ ಬ್ಯಾಂಡೇಜಿನ ಬೆರಳನ್ನು ನೀವಿಕೊಳ್ಳುತ್ತ ಕೇಳಿದ, "ಮಾವ, ಇಷ್ಟು ವರ್ಷ ಬೇಡ ಬೇಡ ಅನ್ನಿಸ್ಕೊಂಡು ಬೇಜಾರಾಗ್ಲಿಲ್ವಾ ನಿಮಗೆ?"

"ಬೇಡ ಅನ್ನೋಕೂ ಮನುಷ್ಯ ಬಾಯಿ ತೆಗೀಬೇಕಲ್ಲಪ್ಪಾ. ಒಂದ್ಸಲ ತೆಗೆದ ಮೇಲೆ ಇನ್ನೊಂದು ಮಾತು ಬಂದೇ ಬರುತ್ತೆ."

"ಆರ್ಡರ್ ಒಂದು ಬರಲ್ಲ," ಎಂದ ಭಾಷಣ, ಚಾವಣಿ ನೋಡುತ್ತ.

"ನೀನು ನನ್ನ ವಯಸ್ಸಿಗೆ ಬಾ, ಆಮೇಲೆ ಹೇಳು."

"ನಿಮ್ಮ ವಯಸ್ಸಿಗೆ ನಾನು ಮ್ಯಾನೇಜರಾಗಿ, ರಿಟೈರಾಗಿ, ಮೊಮ್ಮಕ್ಕಳನ್ನ ಆಡಿಸ್ತಿರ್ತೀನಿ."

"ಅವಕ್ಕೂ ಭಾಷಣ ಮಾಡ್ತೀಯಲ್ಲ, ಪಾಪ."

ಟೈ ಕಿಸಕ್ಕನೆ ನಕ್ಕ. ಭಾಷಣ ಅವನನ್ನು ದುರುಗುಟ್ಟಿ ನೋಡಿ ಎದ್ದು ಕುಳಿತು, ದನಿ ತಗ್ಗಿಸಿದ. "ನೋಡಿ ಮಾವ, ನಾಳೆ ಮಾತೆಲ್ಲ ನನ್ನದು. ಇವನು ಕುರ್ಚಿ ತೆಗೆದು ಮಡಚ್ತಾನೆ. ಬ್ಯಾಂಡೇಜಿನ ಕೈ ಜೇಬಿನಲ್ಲಿರ್ಬೇಕು, ಗೊತ್ತಾಯ್ತೇನೋ? ನೀವು ಬಾಯಿ ತೆಗೀಲೇಬೇಡಿ. ಸುಮ್ನೆ ನಗ್ತಾ ಕೂತಿರಿ, ನಿಮ್ಮ ಬಿಳಿ ಕೂದಲು ಸಾಕು. ಆರ್ಡರ್ ಬಂದ್ರೆ ನಿಮ್ಮ ಹೆಸರಿಗೇ ಬರೆಸ್ತೀನಿ."

ಮಾವ ಕನ್ನಡಕ ತೆಗೆದು ಅವನ ಕಡೆ ತಿರುಗಿದರು. "ಯಾಕೋ?" ಎಂದರು.

"ಯಾಕೆ ಅಂದ್ರೆ? ನಾನು ಮ್ಯಾನೇಜರ್ ಆದ ಮೇಲೆ ನೀವು ಗೋಡೌನಿನ ಸ್ಟೂಲ್ ಮೇಲೆ ಕೂತಿರೋದನ್ನ ದಿನಾ ನಾನು ನೋಡ್ಬೇಕಾ?" ಎಂದು ಗದರಿ, ಗೋಡೆಯ ಕಡೆಗೆ ತಿರುಗಿ ಮಲಗಿಬಿಟ್ಟ. ಇನ್ನೊಂದು ಮಂಚ ಮಾವನಿಗಾಯಿತು. ಟೈ ನೆಲದ ಮೇಲೆ ಹಾಸಿಕೊಂಡ. ಟೈಯನ್ನು ಮಾತ್ರ ಮಡಚಿ ಕುರ್ಚಿಯ ಮೇಲೆ ಮಲಗಿಸಿದ.

ಬೆಳಿಗ್ಗೆ ಸಭಾಂಗಣಕ್ಕೆ ಹೋದಾಗ ಹೊಸ ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಖಾಲಿ ಹಾಲಿನಲ್ಲಿ ಇವರ ಚಪ್ಪಲಿ ಸದ್ದು ಮೂರು ಜನರದ್ದಲ್ಲ, ಮೂವತ್ತು ಜನರದ್ದೆಂಬಂತೆ ಕೇಳುತ್ತಿತ್ತು. ಒಡತಿಯ ಆಫೀಸು ಹಾಲಿನ ಪಕ್ಕದಲ್ಲೇ. ನಡುವೆ ಗಾಜಿನ ಕಿಟಕಿ. ಕೊರಳಿಗೆ ದಾರ ಕಟ್ಟಿ ಕನ್ನಡಕ ತೂಗುಬಿಟ್ಟುಕೊಂಡ, ಮಾತು ಕಡಿಮೆಯ ಹೆಂಗಸು ಆಕೆ. ಮೂಲೆಯಲ್ಲಿ ಎದುರಾಳಿ ಕಂಪನಿಯ ಮಡಚುವ ಕುರ್ಚಿ ಜಂಬದಿಂದ ನಿಂತಿತ್ತು. ಮೇಜಿನ ಆಚೆಗೆ ಆಕೆಯ ತಿರುಗುಕುರ್ಚಿ, ಈಚೆಗೆ ಎರಡು ಬೆಂಚು. ಅವುಗಳ ಮೇಲೆಲ್ಲ ಬಣ್ಣದ ಡಬ್ಬಿಗಳು.

"ಜಾಗ ಇಲ್ಲ, ಬೇಜಾರು ಮಾಡ್ಕೋಬೇಡಿ," ಎಂದರು ಆಕೆ. "ನೀವು ಹಿರಿಯರು, ಇಲ್ಲಿ ಕೂತ್ಕೊಳ್ಳಿ."

ತೋರಿಸಿದ್ದು ತಮ್ಮ ತಿರುಗುಕುರ್ಚಿಯನ್ನೇ.

"ಅಯ್ಯೋ ಬೇಡಮ್ಮಾ, ಅದು ನಿಮ್ಮದು..."

"ನನಗೆ ಬೆನ್ನು ನೋವು. ಡಾಕ್ಟರು ನಿಂತೇ ಇರಿ ಅಂದಿದ್ದಾರೆ. ಕೂತ್ಕೊಳ್ಳಿ." ಆಕೆ ಕಿಟಕಿಗೆ ಒರಗಿ ನಿಂತರು.

ಮಾವ ಮೇಜನ್ನು ಸುತ್ತಿ ಹೋಗಿ ಕುಳಿತರು. ಇಷ್ಟು ವರ್ಷದ ವೃತ್ತಿಯಲ್ಲಿ ಅವರು ಮೇಜಿನ ಈ ಬದಿಯನ್ನು ಕಂಡವರಲ್ಲ. ಕುರ್ಚಿ ಮೆತ್ತಗಿತ್ತು, ಬೆನ್ನು ತಾನಾಗಿ ಒರಗಿತು. ಗಾಜಿನಾಚೆ ದೊಡ್ಡ ಹಾಲು. ಎದುರಿಗೆ ವಿನಯದಿಂದ ನಿಂತ ಇಬ್ಬರು ಮಾರಾಟಗಾರರು. ಸೆಕೆಗೆ ಮೂಗು ಬೆವರಿ ಕನ್ನಡಕ ತುದಿಗೆ ಜಾರಿತು.

ಭಾಷಣ ಗಂಟಲು ಸರಿಪಡಿಸಿಕೊಂಡು ಕೈಯೆತ್ತಿದ. "ಅಮ್ಮಾ, ಮನುಷ್ಯ ಹುಟ್ಟಿದಾಗಿಂದ ಕೂರೋಕೊಂದು ಜಾಗ ಹುಡುಕ್ತಾನೇ ಇದ್ದಾನೆ."

"ಅವನು ಹುಡುಕ್ಲಿ," ಎಂದರು ಮಾವ. "ನೀವು ರೇಟ್ ಹೇಳಿ."

ಭಾಷಣನ ಕೈ ಎತ್ತಿದಲ್ಲೇ ನಿಂತಿತು. ಒಡತಿ ಒಮ್ಮೆ ಮಾವನನ್ನೂ ಒಮ್ಮೆ ಭಾಷಣನನ್ನೂ ನೋಡಿದರು. ಇವರು ಹೀಗೆಂದು ಮೊದಲೇ ಮಾತಾಡಿಕೊಂಡು ಬಂದಿದ್ದಾರೆಂದು ತಿಳಿದರೋ ಏನೋ, ಸುಮ್ಮನಿದ್ದರು. ಭಾಷಣ ಕಣ್ಣುಸನ್ನೆ ಮಾಡಿದ. ಗಿರಾಕಿಯಾಗಿಬಿಟ್ಟಿದ್ದ ಮಾವನಿಗೆ ಅದು ಮಾರಾಟಗಾರರ ಹಳೆಯ ಚಾಳಿಯಂತೆ ಕಂಡಿತು.

"ಕಣ್ಣು ಹೊಡೆದ್ರೆ ರೇಟ್ ಇಳಿಯುತ್ತಾ? ಹೇಳಿ ಸ್ವಾಮೀ."

ಭಾಷಣನಿಗೂ ಬೇರೆ ದಾರಿಯಿರಲಿಲ್ಲ. ಹಿಂದಿನ ಸಂಜೆಯ ಉತ್ತರಗಳು ನಾಲಿಗೆಯ ತುದಿಯಲ್ಲೇ ಇದ್ದವು. ಟೈ ಮಾದರಿ ಕುರ್ಚಿಯನ್ನು ಬಿಚ್ಚಿಟ್ಟ, ಭಾಷಣ ಹೇಳತೊಡಗಿದ.

"ರೇಟ್ ಇರ್ಲಿ. ನೆಲ ಒರೆಸಿದ ನೀರು ತಾಗಿ ಕಾಲು ತುಕ್ಕು ಹಿಡಿದ್ರೆ?"

"ಕಾಲಿಗೆ ರಬ್ಬರ್ ಬೂಟಿದೆ, ನೋಡಿ. ನೀರು ತಾಗೋದೇ ಇಲ್ಲ."

"ಸಭೆ ನಡೀವಾಗ ಒಬ್ಬ ಎದ್ದು ಹೋದ್ರೆ ಕಿರ್ರಂತ ಸದ್ದು ಬಂದು ಭಾಷಣ ಮಾಡೋನು ಕೆಂಗಣ್ಣು ಬಿಡಲ್ವಾ?"

"ಬೂಟು ಇರೋದ್ರಿಂದ ಸದ್ದೂ ಇಲ್ಲ. ಎಳೆಯೋ ಟೈ, ಎಳೆದು ತೋರ್ಸು!"

ಟೈ ಒಂದೇ ಕೈಯಲ್ಲಿ ಕುರ್ಚಿಯನ್ನು ಆಚೆಯಿಂದ ಈಚೆಗೆ ಎಳೆದ. ಸದ್ದಿಲ್ಲ. ಒಡತಿಯ ಹುಬ್ಬು ಮೇಲೇರಿತು.

"ದಪ್ಪನೋರು ಕೂತ್ರೆ?"

ಭಾಷಣ ತಾನೇ ಹೋಗಿ ಧೊಪ್ಪನೆ ಕುಳಿತ. ಕುರ್ಚಿ ತುಟಿಪಿಟಕ್ಕೆನ್ನಲಿಲ್ಲ. "ನನಗಿಂತ ದಪ್ಪ ಬೇಕಾ?" ಎಂದು ಕೇಳಿದ, ಅಭಿಮಾನ ಬಿಟ್ಟು. ಒಡತಿ ಬಾಯಿಗೆ ಸೆರಗು ಅಡ್ಡ ಹಿಡಿದರು.

ಎಲ್ಲ ಪ್ರಶ್ನೆಗೂ ಉತ್ತರ ಬಂತು. ಭಾಷಣನ ದನಿಯಲ್ಲಿ ಗೆಲುವು ಏರುತ್ತಿತ್ತು. ಮಾವ ಗಾಜಿನಾಚೆಯ ಖಾಲಿ ಹಾಲನ್ನು ನೋಡಿದರು. ಆ ಗಳಿಗೆಯಲ್ಲಿ ಹಾಲು ಅವರದೇ ಆಗಿತ್ತು. ಅಲ್ಲಿ ಜನ ತುಂಬಿದರು, ಮಕ್ಕಳು ತುಂಬಿದವು. ಕಾರ್ಯಕ್ರಮ ಕಾಣಿಸದೆಂದು ಎಲ್ಲರೂ ಸೀಟಿನ ಅಡಿಗೆ ಕೈ ಹಾಕಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಎಂಟುನೂರು ಜನರ ಕೈ!

"ಬೆರಳು?" ಎಂದರು ಮಾವ.

"ಆಂ?" ಎಂದ ಭಾಷಣ.

"ಬೆರಳು ಸಿಕ್ಕಲ್ವಾ ಕೀಲಿಗೆ? ನಮ್ಮ ಹಾಲಿಗೆ ಚಿಕ್ಕ ಮಕ್ಕಳು ಬರ್ತಾರ್ರೀ. ಯಾರು ಜವಾಬ್ದಾರಿ?"

ಹೇಳಿ ಮುಗಿಸಿದ ಮೇಲೆಯೇ ಆ ಮಾತು ಮಾವನ ಕಿವಿಗೂ ಬಿದ್ದದ್ದು. ತಾವು ಯಾರು, ಕುಳಿತದ್ದು ಯಾರ ಕುರ್ಚಿ, ಈ ಆರ್ಡರ್ ಹೋದರೆ ನಾಳೆ ಕೂರಬೇಕಾದ ಸ್ಟೂಲು ಯಾವುದು, ಎಲ್ಲವೂ ಒಟ್ಟಿಗೇ ನೆನಪಾಯಿತು. ಬೆನ್ನು ನೆಟ್ಟಗಾಯಿತು. ಭಾಷಣನ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಟೈ ಜೇಬಿನೊಳಗಿನ ಕೈಯನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

ಒಡತಿಯ ಕಣ್ಣು ಆ ಜೇಬಿನ ಮೇಲೆಯೇ ನೆಟ್ಟಿತು. "ಏನಪ್ಪಾ, ಆಗಿಂದ ಒಂದೇ ಕೈಯಲ್ಲಿ ಕೆಲಸ ಮಾಡ್ತಿದ್ದೀಯ. ಆ ಕೈ ತೆಗಿ ನೋಡೋಣ."

ಬ್ಯಾಂಡೇಜು ಹೊರಗೆ ಬಂತು.

"ಅದು ಲಾಡ್ಜಿನ ಬಾಗಿಲಿಗೆ ಸಿಕ್ಕಿದ್ದು ಮೇಡಂ," ಎಂದ ಭಾಷಣ ಗಡಿಬಿಡಿಯಿಂದ.

"ಇಲ್ಲ ಮೇಡಂ, ಕುರ್ಚಿಗೇ ಸಿಕ್ಕಿದ್ದು," ಎಂದ ಟೈ. ಗಿರಾಕಿಯೆದುರು ಅವನಾಡಿದ ಮೊದಲ ಮಾತು ಅದು.

ಮಾವ ಮೆಲ್ಲಗೆ ತಮ್ಮ ಕೈಯನ್ನೂ ಮೇಜಿನ ಮೇಲಿಟ್ಟು ಕಪ್ಪು ಉಗುರು ತೋರಿಸಿದರು. ಹೇಗೂ ಮಾನ ಹೋಯಿತಲ್ಲ ಎಂದು ಭಾಷಣನೂ ತನ್ನದನ್ನು ತೋರಿಸಿದ.

ಒಡತಿ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದು, ಕುರ್ಚಿಯ ಕೀಲಿನ ಸಂದಿಗಿಟ್ಟು, ಸೀಟನ್ನು ಮುಂದಕ್ಕೆ ಎಳೆದರು. ಕಟ್ ಎಂದಿತು. ಪೆನ್ಸಿಲ್ ಎರಡಾಯಿತು. ಮಾವ ಕಣ್ಣು ಮುಚ್ಚಿಕೊಂಡರು. ಮತ್ತೊಂದು ಕಟ್ ಕೇಳಿಸಿತು. ಕಣ್ಣು ಬಿಟ್ಟು ನೋಡಿದರೆ ಆಕೆ ಮೂಲೆಯಲ್ಲಿದ್ದ ಎದುರಾಳಿ ಕಂಪನಿಯ ಕುರ್ಚಿಯ ಮುಂದೆ ಬಗ್ಗಿದ್ದರು. ಕೈಯಲ್ಲಿ ಇನ್ನೊಂದು ಪೆನ್ಸಿಲ್ಲಿನ ಚೂರು.

"ಇದೂ ಕಚ್ಚುತ್ತೆ," ಎಂದರು. "ಎರಡು ಗಂಟೆ ಕೂತು ಮಾತಾಡಿದ್ರು ಅವರು. ಇದೊಂದು ಹೇಳಲಿಲ್ಲ."

ಆಕೆ ಪೆನ್ಸಿಲ್ ಚೂರುಗಳನ್ನು ಮೇಜಿನ ಮೇಲೆ ಹಾಕಿದರು.

"ಕಚ್ಚದ ಹಾಗೆ ಮಾಡಿ ತನ್ನಿ. ಎಂಟುನೂರೂ ನಿಮ್ಮದನ್ನೇ ತಗೋತೀನಿ. ಮಾಡೋಕಾಗದಿದ್ರೆ ಒಂದೂ ಬೇಡ." ಆಮೇಲೆ ಮಾವನ ಕಡೆಗೆ ತಿರುಗಿದರು. "ಒಂದು ಕೇಳ್ಲಾ? ನೀವು ಇವರ ಕಡೆಯವರೋ ನನ್ನ ಕಡೆಯವರೋ?"

"ನಿನ್ನೆ ತನಕ ಇವರ ಕಡೆಯವನೇ ಅಮ್ಮಾ," ಎಂದರು ಮಾವ ಪೆಚ್ಚಾಗಿ. "ಈ ಕುರ್ಚಿ ಸ್ವಲ್ಪ ಮೆತ್ತಗಾಯ್ತು."

ಬಸ್ಸಿನಲ್ಲಿ ಮೂವರಿಗೂ ಸೀಟು ಸಿಕ್ಕಿತು. ಮಾವ ಕುರ್ಚಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಕಂಡಕ್ಟರನನ್ನು ಮಾತಾಡಿಸಲಿಲ್ಲ.

"ಆಟದಲ್ಲೂ ಬೆರಳಿನ ಮಾತು ಎತ್ತಬಾರದು ಅಂತ ನೀವೇ ಅಲ್ವಾ ನನಗೆ ಕಲಿಸಿದ್ದು?" ಎಂದ ಭಾಷಣ.

"ಹೌದು ಕಣೋ."

"ಮತ್ತೆ?"

"ನಾನಲ್ಲ ಕೇಳಿದ್ದು. ಗಿರಾಕಿ ಕೇಳಿದ್ದು."

ಭಾಷಣ ಉಕ್ಕಿದ ನಗುವನ್ನು ನುಂಗಿಕೊಂಡು, ಮ್ಯಾನೇಜರನಂತೆ ಕೆಮ್ಮಿ, ಅತ್ತ ತಿರುಗಿದ.

ಸುದ್ದಿ ಕೇಳಿ ಮ್ಯಾನೇಜರ್ ಕಿಡಿಕಿಡಿಯಾದ. ಆದರೆ ಎಂಟುನೂರು ಎಂಬ ಮಾತು ಅವನನ್ನು ನಿದ್ದೆಗೆಡಿಸಿತು. ಕಾರ್ಖಾನೆಯ ಮೇಸ್ತ್ರಿಯನ್ನು ಕರೆದು ಕೇಳಿದ. ಮೇಸ್ತ್ರಿ ತಲೆ ಕೆರೆದುಕೊಂಡು, "ಕೀಲಿನ ಮೇಲೊಂದು ರಬ್ಬರ್ ಟೊಪ್ಪಿ ಹಾಕಿದ್ರೆ ಆಯ್ತಲ್ಲ ಸಾರ್," ಎಂದ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಇಷ್ಟು ವರ್ಷ ಯಾರೂ ಕೇಳ್ಲಿಲ್ಲ."

ಟೊಪ್ಪಿ ಹಾಕಿದ ಕುರ್ಚಿ ಹೋಯಿತು. ಒಡತಿ ಪೆನ್ಸಿಲ್ ಇಟ್ಟು ನೋಡಿದರು, ಮುರಿಯಲಿಲ್ಲ. ಆರ್ಡರ್ ಬಂತು. ಭಾಷಣ ಕೊಟ್ಟ ಮಾತಿನಂತೆ ಮಾವನ ಹೆಸರನ್ನೇ ಬರೆಸಿದ.

ಮಾವ ಬದುಕಿಕೊಂಡರು ಎಂದು ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತು. ಸಭಾಂಗಣದ ಒಡತಿ ಈ ಕಥೆಯನ್ನು ಬಂದುಹೋದವರಿಗೆಲ್ಲ ನಗುನಗುತ್ತ ಹೇಳಿದ್ದರು. ಕಂಪನಿಯ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ, "ಎಲ್ರೀ ನಮ್ಮ ಟೊಪ್ಪಿ? ನಮ್ಮ ಬೆರಳು ಬೆರಳಲ್ವಾ?" ಎಂದು ಕೇಳತೊಡಗಿದರು. ಊರೂರಿಗೆ ಹೋಗಿ, ಬೈಸಿಕೊಂಡು, ಕುರ್ಚಿ ಕುರ್ಚಿಗೆ ಟೊಪ್ಪಿ ಹಾಕಿ ಬರಲು ಒಬ್ಬರು ಬೇಕಾಯಿತು. ಕಮಿಷನ್ ಇಲ್ಲದ, ಬರೀ ಬೈಗುಳದ ಕೆಲಸ. ಮ್ಯಾನೇಜರ್ ಒಬ್ಬೊಬ್ಬರನ್ನೇ ಕರೆದ. ಒಬ್ಬನಿಗೆ ಬೆನ್ನು ನೋವು, ಒಬ್ಬನಿಗೆ ಬಾವನ ಗೃಹಪ್ರವೇಶ, ಭಾಷಣನಿಗೆ ಗಂಟಲು ಕೆಟ್ಟಿತ್ತು. ಮ್ಯಾನೇಜರನ ತಾಳ್ಮೆ ತಪ್ಪಿತು. ಮಾವನನ್ನು ಕರೆಸಿದ.

"ಈ ಗಲಾಟೆ ಎಬ್ಬಿಸಿದ್ದು ನೀವು. ನೀವೇ ಅನುಭವಿಸಿ. ಊರೂರು ಸುತ್ಕೊಂಡಿರಿ ಅಂದಿದ್ದೆ, ಸುತ್ತಿ! ಆದ್ರೆ ಇನ್ನು ಮೇಲೆ ಮಾರೋಕಲ್ಲ. ಕುರ್ಚಿ ಕೊಂಡವರ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಬೈಸ್ಕೊಂಡು ಬನ್ನಿ. ನಿವೃತ್ತಿ ಆಗೋವರೆಗೂ ಇದೇ ನಿಮ್ಮ ಕೆಲಸ."

ಮಾವನ ಮನಸ್ಸು ಒಮ್ಮೆಗೇ ಕುಪ್ಪಳಿಸಿತು. ಆರ್ಡರ್ ಕೇಳಬೇಕಾಗಿಲ್ಲ! ಬರೀ ಹೋಗುವುದು, ಕೂರುವುದು, ಜನ ಮಾತಾಡುವುದು, ತಾನು ಕೇಳುವುದು! ಮುಖದಲ್ಲಿ ಇದರ ಒಂದೆಳೆ ಕಂಡರೂ ಮ್ಯಾನೇಜರ್ ಹಿಂದಕ್ಕೆ ಕಿತ್ತುಕೊಳ್ಳುವನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆನ್ನೆಯ ಒಳಭಾಗವನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಆದಷ್ಟು ಮಂಕಾದರು.

"ಸಾರ್, ಈ ವಯಸ್ಸಲ್ಲಿ ಬಸ್ಸು, ಲಾಡ್ಜು..."

"ಏನೂ ಹೇಳ್ಬೇಡಿ."

"ಗೋಡೌನು ಅಂದಿದ್ರಲ್ಲ ಸಾರ್. ಅಲ್ಲಿ ನೆರಳಾದ್ರೂ ಇರ್ತಿತ್ತು."

"ಗೋಡೌನಾ? ಆರಾಮಾಗಿ ಕೂರೋಕಾ? ಕನಸಲ್ಲೂ ಸಿಗಲ್ಲ ನಿಮಗೆ!"

ಮಾವ ಹೆಗಲು ಇಳಿಬಿಟ್ಟುಕೊಂಡು ಹೊರಗೆ ಬಂದರು. ಟೈ ಕಣ್ಣಲ್ಲಿ ನೀರು ತುಂಬಿಕೊಂಡು ಅವರ ಕೈ ಹಿಡಿದ. "ಮಾವ, ಇದು ಅನ್ಯಾಯ."

"ಮೆತ್ತಗೆ ಮಾತಾಡೋ," ಎಂದು ಮಾವ ಅವನ ಕೈ ಹಿಸುಕಿದರು. "ಅವನು ಕೇಳಿಸ್ಕೊಂಡು ನ್ಯಾಯ ಮಾಡಿಬಿಟ್ಟಾನು."

ಮನೆಯಲ್ಲಿ ಹೆಂಡತಿ ಅವರ ಸೋತ ಮುಖವನ್ನು ಒಮ್ಮೆ ನೋಡಿದರು, ನೆಲಕ್ಕೆ ತಾಳ ಹಾಕುತ್ತಿದ್ದ ಪಾದವನ್ನು ಒಮ್ಮೆ ನೋಡಿದರು. "ಇಲ್ಲಿ ಮ್ಯಾನೇಜರ್ ಇಲ್ಲ, ನಕ್ಕುಬಿಡಿ," ಎಂದರು. ಮಾವ ನಕ್ಕ ರಭಸಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು.

ಮೊದಲು ಹೋದದ್ದು ಹೊಲಿಗೆ ಕ್ಲಾಸಿಗೆ. ಮಿಷನ್ನುಗಳೆಲ್ಲ ನಿಂತುಹೋಗಿ, ಕಲಿಯಲು ಬಂದಿದ್ದ ಹೆಣ್ಣುಮಕ್ಕಳು ತಮಾಷೆ ನೋಡಲು ಸುತ್ತ ನಿಂತರು. ಅವರಿಗೆ ಕಲಿಸುವಾಕೆ ಸೊಂಟಕ್ಕೆ ಕೈಯಿಟ್ಟು ಆರಂಭಿಸಿದರು.

"ಹೊಲಿಯೋರಿಗೆ ಬೆರಳು ಅಂದ್ರೆ ಏನು ಅಂತ ಗೊತ್ತೇನ್ರೀ ನಿ‍ಮಗೆ? ನಾಚಿಕೆ ಆಗಲ್ವಾ ಇಂಥ ಕುರ್ಚಿ ಮಾರೋಕೆ?"

"ಆಗ್ಬೇಕಮ್ಮಾ," ಎಂದರು ಮಾವ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಮೊದಲ ಕುರ್ಚಿಯನ್ನು ಬೋರಲು ಮಲಗಿಸಿ, ಕೀಲಿಗೆ ಟೊಪ್ಪಿ ತೊಡಿಸತೊಡಗಿದರು. ಬಡಿದು ಕೂರಿಸುವ ಸದ್ದಿಗೆ ಆಕೆಯ ದನಿ ಇನ್ನಷ್ಟು ಏರಿತು. ಕುರ್ಚಿಯಿಂದ ಕಂಪನಿಗೆ, ಕಂಪನಿಯಿಂದ ಈಗಿನ ಕಾಲಕ್ಕೆ, ಈಗಿನ ಕಾಲದಿಂದ ತಮ್ಮ ಮೈದುನನ ಬೇಜವಾಬ್ದಾರಿಗೆ ಮಾತು ಹರಿಯಿತು. ಎಷ್ಟೋ ಹೊತ್ತಾದ ಮೇಲೆ ಉಸಿರು ಹತ್ತಿ ಆಕೆ ನಿಲ್ಲಿಸಿದರು. ಕೆಳಗೆ ಕುಳಿತ ಬಿಳಿತಲೆಯ ಮನುಷ್ಯನನ್ನು ನೋಡಿ ಕೊಂಚ ಅಳುಕಿದಂತೆ ಕಂಡಿತು.

"ಜಾಸ್ತಿ ಆಯ್ತೇನೋ ನಾನು ಅಂದಿದ್ದು..."

"ಅಯ್ಯೋ, ಎಲ್ಲಿ ಜಾಸ್ತಿ?" ಎಂದರು ಮಾವ, ಮುಂದಿನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಮೈದುನ ಆ ಸ್ಕೂಟರ್ ಮಾರಿದ ಮೇಲೆ ಏನಾಯ್ತು, ಅದನ್ನ ಹೇಳಲೇ ಇಲ್ಲ ನೀವು."